ನಸರಿ ಜೇನು ಕೊಂದದ್ದು ಮಳಿ ಅಲ್ರಿ

ಟಿಕೋಟಾ, ಬಬಲೇಶ್ವರ ಕಡೆ ರೈತ ಬಾಂಧವರೇ, ವಾರಗಟ್ಟಲೆ ಮಳಿ ಹಿಡಿದು ಪೆಟ್ಟಿಗಿಯೊಳಗಿನ ನಸರಿ ಸತ್ರ ಎಲ್ಲಾರೂ ಮಳಿಗೇ ಬೈತಾರ. ನಾ ಒಪ್ಪೂದಿಲ್ಲ. ಜೋರು ಮಳಿಯಾಗ ಹುಳ ಹೊರಗ ಹೋಗೂದಿಲ್ಲ, ಕೂಡಿಟ್ಟ ತುಪ್ಪ, ಪರಾಗ ತಿಂದೇ ಬದುಕಬೇಕು. ಮಿರಗಕ್ಕಿಂತ ಮುಂಚೆ ಅದನ್ನ ಪೂರಾ ಹಿಂಡಿಕೊಂಡವರು ಯಾರ್ರಿ?

ಮ್ಯಾಲೆ ದಿನಾ ಮುಚ್ಚಳ ತೆಗೆದು ನೋಡೂದು ಬ್ಯಾರೆ! ಅವು ಅಂಟು ತಂದು ಮುಚ್ಚಿದ ಸಂದಿ ಬಿಚ್ಚತಾವ, ಥಂಡಿ ಒಳಗ ಹೋಗತದ, ಒಡೆದ ತುಪ್ಪಕ್ಕ ಇರುವಿ ಮುಕ್ಕರತಾವ.

ಎರಿ ಹೊಲದಾಗ ನೀರು ನಿಲ್ತದ. ಪೆಟ್ಟಿಗಿ ಎರಡು ಫೂಟು ಎತ್ತರ ಇಡ್ರಿ, ಮ್ಯಾಲೆ ತಗಡು ಹಾಕ್ರಿ, ಬಾಯಿ ಕಡೆ ಸ್ವಲ್ಪ ಇಳಿಜಾರು ಇರಲಿ. ಅರ್ಧ ತುಪ್ಪ ಅವಕ್ಕೇ ಬಿಡ್ರಿ. ದಾಳಿಂಬ್ರಿ ಹೂವಿಗೆ ಬರೂ ಹುಳಾನೇ ಸತ್ತ ಮ್ಯಾಲೆ, ಒಂದು ಬಾಟ್ಲಿ ತುಪ್ಪ ಮಾರಿ ಏನು ಗಳಿಸಿದಂಗಾತು?