ಹೆಸರು ಬದಲಾದ್ರೆ ಔಷಧಿ ಕಹಿ ಆಗುತ್ತಾ?

2013ರ ಅಕ್ಟೋಬರ್‌ನಲ್ಲಿ ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಕಿಮ್ಮೆಲ್ ಅವರ ತಂಡ ಬೀದಿಗಿಳಿದು ದಾರಿಹೋಕರಿಗೆ ಒಂದು ಪ್ರಶ್ನೆ ಕೇಳ್ತು. 'ನಿಮಗೆ ಒಬಾಮಾಕೇರ್ ಇಷ್ಟಾನಾ, ಅಫೋರ್ಡಬಲ್ ಕೇರ್ ಆ್ಯಕ್ಟ್ ಇಷ್ಟಾನಾ?' ಎರಡೂ ಒಂದೇ ಕಾನೂನು. ಒಂದು ಅಡ್ಡಹೆಸರು, ಇನ್ನೊಂದು ರಿಜಿಸ್ಟರ್‌ನಲ್ಲಿರೋ ಹೆಸರು, ಅಷ್ಟೇ. ಆದ್ರೂ ಜನ ಕ್ಯಾಮೆರಾ ಮುಂದೆ ನಿಂತು ಒಂದನ್ನ ಹೊಗಳಿದ್ರು, ಇನ್ನೊಂದನ್ನ ಬೈದ್ರು. ಯೂಟ್ಯೂಬಲ್ಲಿ ನೋಡಿದ್ರೆ ನಗು ಬರುತ್ತೆ. ಆದ್ರೆ ಆ ದೇಶದ ಆರೋಗ್ಯ ರಾಜಕೀಯದ ಕಾಲು ಶತಮಾನದ ಕಥೆ ಆ ಮೂರ್ನಾಲ್ಕು ನಿಮಿಷದಲ್ಲೇ ಇದೆ ಅಂತ ನಮ್ಮ ಅಭಿಪ್ರಾಯ.

'ನಮಗ್ಯಾಕಪ್ಪಾ ಈ ಉಸಾಬರಿ' ಅನ್ನಬೇಡಿ. ಮೂರನೇ ಸೆಮಿಸ್ಟರಿಂದಲೇ ಜಿಆರ್‌ಇ ಪುಸ್ತಕ ಹಿಡ್ಕೊಂಡು ಓಡಾಡೋರು ನಮ್ಮಲ್ಲಿ ಕಮ್ಮಿ ಇಲ್ಲ. ಅಲ್ಲಿಗೆ ಹೋಗಿರೋ ಸೀನಿಯರ್‌ಗಳನ್ನ ಕೇಳಿ ನೋಡಿ, ಮೊದಲ ಸಲಹೆ ಕೋರ್ಸ್ ಬಗ್ಗೆ ಇರಲ್ಲ. 'ಹೊರಡೋ ಮುಂಚೆ ಹಲ್ಲು ತೋರಿಸ್ಕೋ, ಕನ್ನಡಕ ಎರಡು ಜೊತೆ ಮಾಡಿಸ್ಕೋ' ಅಂತಾರೆ. ಓದು ಮುಗಿಸಿ ಕೆಲಸ ಸಿಕ್ಕಮೇಲೆ ಇನ್ಶೂರೆನ್ಸ್ ಬರೋದು ಕಂಪನಿ ಕಡೆಯಿಂದ. ಕೆಲಸ ಹೋದ್ರೆ ಅದೂ ಹೋಗುತ್ತೆ, ಇಲ್ಲಾ ಪೂರ್ತಿ ಪ್ರೀಮಿಯಂ ನಾವೇ ಕಟ್ಟಬೇಕು. ಎಚ್-1ಬಿ ಆದ್ರಂತೂ ಇನ್ನೊಂದು ಕೆಲಸ ಹುಡುಕೋಕೆ ಸಿಗೋದು 60 ದಿನ. ಸಂಬಳ, ವೀಸಾ, ಆಸ್ಪತ್ರೆ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ ಹಾಗೆ. ಲೇಆಫ್ ಸುದ್ದಿ ಬಂದಾಗ ಇಲ್ಲಿರೋ ಅಪ್ಪ-ಅಮ್ಮಂದಿರಿಗೆ ನಿದ್ದೆ ಬರದೇ ಇರೋದು ಸುಮ್ಮನೆ ಅಲ್ಲ.

ಇನ್ಶೂರೆನ್ಸನ್ನ ಕೆಲಸಕ್ಕೆ ಕಟ್ಟಿಹಾಕಿ ಅಂತ ಯಾರೂ ಕೂತು ಡಿಸೈನ್ ಮಾಡಿದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1942ರಲ್ಲಿ, ಸರ್ಕಾರ ಸಂಬಳ ಏರಿಸೋದಕ್ಕೆ ಮಿತಿ ಹಾಕ್ತು. ಕೆಲಸಗಾರರನ್ನ ಸೆಳೆಯೋಕೆ ಕಂಪನಿಗಳು ಸಂಬಳದ ಬದಲು ವಿಮೆ ಕೊಡೋಕೆ ಶುರುಮಾಡಿದ್ವು. ಆಮೇಲೆ ಅದಕ್ಕೆ ತೆರಿಗೆ ವಿನಾಯಿತಿನೂ ಸಿಕ್ತು. ಟೆಂಪರರಿ ಪ್ಯಾಚ್ ಪರ್ಮನೆಂಟ್ ಆಗೋದು ನಮ್ಮ ಲ್ಯಾಬ್ ಕೋಡಲ್ಲಿ ಮಾತ್ರ ಅಲ್ಲ ನೋಡಿ. ವಯಸ್ಸಾದವರು, ಬಡವರು ಇದರಿಂದ ಹೊರಗುಳಿದ್ರು. ಅವರಿಗಾಗಿ 1965ರಲ್ಲಿ ಮೆಡಿಕೇರ್, ಮೆಡಿಕೇಡ್ ಬಂದವು. ಆಗ ಎರಡೂ ಪಕ್ಷದವರು ಅವಕ್ಕೆ ವೋಟು ಹಾಕಿದ್ದರು ಅನ್ನೋದನ್ನ ನೆನಪಿಟ್ಕೊಳ್ಳಿ.

ಈಗ ಅಸಲಿ ವಿಷಯ. ಕಾಯಿಲೆ ಇದೆ ಅಂತ ಗೊತ್ತಾದ್ರೆ ವಿಮಾ ಕಂಪನಿಗಳು ಪಾಲಿಸಿ ಕೊಡಲ್ಲ ಅಂತಿದ್ವು. ಕೊಡಲೇಬೇಕು ಅಂತ ರೂಲ್ ಮಾಡಿದ್ರೆ ಜನ ಕಾಯಿಲೆ ಬಂದಮೇಲೇ ಪಾಲಿಸಿ ತಗೋತಾರೆ. ಚಿಕನ್ ಇರೋ ದಿನ ಮಾತ್ರ ಮೆಸ್ಸಿಗೆ ದುಡ್ಡು ಕಟ್ತೀವಿ ಅಂತ ಎಲ್ಲರೂ ಕೂತರೆ ಮೆಸ್ ತಿಂಗಳೊಳಗೆ ಮುಚ್ಚುತ್ತೆ, ಇದೂ ಹಾಗೇ. ಅದಕ್ಕೆ ಉಪಾಯ: ಎಲ್ಲರೂ ವಿಮೆ ತಗೊಳ್ಳಲೇಬೇಕು, ಕಟ್ಟೋಕೆ ಆಗದವರಿಗೆ ಸರ್ಕಾರ ಸಬ್ಸಿಡಿ ಕೊಡಬೇಕು. ಈ ಉಪಾಯ ಯಾರದ್ದು? 1989ರಲ್ಲಿ 'ಎಲ್ಲರಿಗೂ ಕಡ್ಡಾಯ' ಅಂತ ಬರೆದಿದ್ದು ಹೆರಿಟೇಜ್ ಫೌಂಡೇಶನ್, ಅಪ್ಪಟ ಬಲಪಂಥೀಯರ ಸಂಸ್ಥೆ. 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನ ಕಾನೂನು ಮಾಡಿ ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. (ಅಲ್ಲಿ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಹಾಗಲ್ಲ, ಮುಖ್ಯಮಂತ್ರಿ ಇದ್ದ ಹಾಗೆ.) ಸಹಿ ಹಾಕೋವಾಗ ಪಕ್ಕದಲ್ಲಿ ನಗ್ತಾ ನಿಂತಿದ್ದವರು ಡೆಮಾಕ್ರಟಿಕ್ ಪಕ್ಷದ ಹಿರಿಯ ಟೆಡ್ ಕೆನಡಿ.

ನಾಲ್ಕು ವರ್ಷ ಬಿಟ್ಟು ಒಬಾಮಾ ಹೆಚ್ಚುಕಮ್ಮಿ ಅದೇ ಚೌಕಟ್ಟನ್ನ ಇಡೀ ದೇಶಕ್ಕೆ ತಂದ್ರು. 2010ರ ಮಾರ್ಚ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ 219-212ರಿಂದ ಪಾಸಾಯ್ತು. ರಿಪಬ್ಲಿಕನ್ ವೋಟು ಎಷ್ಟು ಬಿತ್ತು ಅಂದ್ರೆ, ಸೊನ್ನೆ. 2012ರಲ್ಲಿ ಅದೇ ರಾಮ್ನಿ 'ಒಬಾಮಾಕೇರ್ ರದ್ದು ಮಾಡ್ತೀನಿ' ಅಂತ ಅಧ್ಯಕ್ಷ ಚುನಾವಣೆಗೆ ನಿಂತ್ರು! ಅತ್ತೆ ಒಡೆದ್ರೆ ಹಳೇ ಮಡಕೆ, ಸೊಸೆ ಒಡೆದ್ರೆ ಹೊಸ ಮಡಕೆ.

ವೆಬ್‌ಸೈಟ್ ಕಥೆ ಬಿಟ್ಟು ಮುಂದೆ ಹೋಗೋಕೆ ನಮಗೆ ಮನಸ್ಸು ಬರ್ತಿಲ್ಲ, ಎಷ್ಟಾದ್ರೂ ಇಂಜಿನಿಯರಿಂಗ್ ಹುಡುಗರು. ಜನ ವಿಮೆ ಕೊಳ್ಳೋಕೆ ಅಂತ ಹೆಲ್ತ್‌ಕೇರ್ ಡಾಟ್ ಗವ್ ಸೈಟ್ 2013ರ ಅಕ್ಟೋಬರ್ 1ಕ್ಕೆ ಶುರುವಾಯ್ತು, ಶುರುವಾಗ್ತಿದ್ದ ಹಾಗೇ ಮಲಗ್ತು. ಮೊದಲ ದಿನ ಕೊನೇವರೆಗೂ ಹೋಗಿ ಪಾಲಿಸಿ ತಗೊಂಡವರು ಆರೇ ಜನ. ಒಬ್ಬೊಬ್ಬ ಕಾಂಟ್ರಾಕ್ಟರ್ ಒಂದೊಂದು ಭಾಗ ಕಟ್ಟಿದ್ದು, ಎಲ್ಲಾ ಸೇರಿಸಿ ಸರಿಯಾಗಿ ಟೆಸ್ಟ್ ಮಾಡೋಕೆ ಟೈಮೇ ಉಳಿದಿರಲಿಲ್ಲ. ನಮ್ಮ ಮಿನಿ ಪ್ರಾಜೆಕ್ಟ್ ಡೆಮೊ ದಿನ ಜ್ಞಾಪಕ ಬಂದ್ರೆ ತಪ್ಪು ನಮ್ಮದಲ್ಲ. ಮುಂದೆ ಸಿಲಿಕಾನ್ ವ್ಯಾಲಿಯಿಂದ ಜನ ಹೋಗಿ ರಿಪೇರಿ ಮಾಡಿದ್ರು.

ಆದ್ರೆ ಸೈಟ್‌ನ ಬಗ್ ಎರಡು ತಿಂಗಳಲ್ಲಿ ಬಹುಮಟ್ಟಿಗೆ ಸರಿಹೋಯ್ತು. ಇನ್ನೊಂದು ಬಗ್ ಇವತ್ತಿಗೂ ಹಾಗೇ ಇದೆ, ನಮ್ಮ ಸಿಟ್ಟಿರೋದು ಅದರ ಮೇಲೆ. ಕಾನೂನು ಬರೆದವರ ಲೆಕ್ಕ ಹೀಗಿತ್ತು: ಬಡತನ ರೇಖೆಯ ಹತ್ತಿರ, ಕೆಳಗೆ ಇರೋರು ಮೆಡಿಕೇಡಿಗೆ ಸೇರ್ತಾರೆ, ಮೇಲಿರೋರಿಗೆ ಸಬ್ಸಿಡಿ. ಹಾಗಾಗಿ ರೇಖೆಯ ಕೆಳಗಿರೋರಿಗೆ ಸಬ್ಸಿಡಿ ಇಡಲೇ ಇಲ್ಲ. 2012ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನ ಉಳಿಸ್ತು, ಆದ್ರೆ ಮೆಡಿಕೇಡ್ ವಿಸ್ತರಣೆ ರಾಜ್ಯಗಳ ಇಷ್ಟಕ್ಕೆ ಬಿಟ್ಟಿದ್ದು ಅಂತ ಹೇಳ್ತು. ಟೆಕ್ಸಸ್, ಫ್ಲೋರಿಡಾ, ಜಾರ್ಜಿಯಾ ಸೇರಿ ಹತ್ತು ರಾಜ್ಯಗಳು ಇನ್ನೂ ವಿಸ್ತರಣೆಗೆ ಒಪ್ಪಿಲ್ಲ. ಇದರ ಫಲಿತಾಂಶ ನೋಡಿ: ಆ ರಾಜ್ಯಗಳಲ್ಲಿ ಸ್ವಲ್ಪ ದುಡಿಯೋನಿಗೆ ಸಬ್ಸಿಡಿ ಇದೆ, ಅವನಿಗಿಂತ ಬಡವನಿಗೆ ಏನೂ ಇಲ್ಲ! ಇಂಥ ಗುಂಡಿಗೆ ಬಿದ್ದಿರೋರು ಹತ್ತು ಲಕ್ಷಕ್ಕೂ ಹೆಚ್ಚು ಜನ. ವಿಸ್ತರಣೆ ಖರ್ಚಿನ ಶೇ. 90 ಭಾಗ ಕೇಂದ್ರ ಸರ್ಕಾರವೇ ಕೊಡುತ್ತೆ. ಆದ್ರೂ ಬೇಡ, ಯಾಕಂದ್ರೆ ಅದರ ಮೇಲೆ ಒಬಾಮಾ ಹೆಸರಿದೆ. ಬಾಕಿ ಉಳಿಯೋ ಶೇ. 10 ಭಾರ ಆಗುತ್ತೆ ಅನ್ನೋ ವಾದ ಇದೆ, ಇಲ್ಲ ಅನ್ನಲ್ಲ. ಆದ್ರೆ ನಲವತ್ತು ರಾಜ್ಯಗಳು ಅದನ್ನ ನಿಭಾಯಿಸ್ತಿವೆ. ಮಿಸೌರಿ, ಓಕ್ಲಹೋಮಾದಂಥ ರಿಪಬ್ಲಿಕನ್ ಕೋಟೆಗಳಲ್ಲೇ ಜನಮತ ಕೇಳಿದಾಗ ಜನ 'ಬೇಕು' ಅಂದ್ರು. ಮತದಾರರಿಗೆ ಬೇಕಾಗಿದ್ದು ನಾಯಕರಿಗೆ ಬೇಡ ಅಂದ್ರೆ ಜಗಳ ಯಾರಿಗೋಸ್ಕರ?

ಡೆಮಾಕ್ರಟ್‌ಗಳು ಸಾಚಾ ಅಂತ ನಾವು ಹೇಳ್ತಿಲ್ಲ. 'ನಿಮ್ಮ ಈಗಿನ ಪಾಲಿಸಿ ಇಷ್ಟ ಇದ್ರೆ ಅದನ್ನೇ ಇಟ್ಕೊಳ್ಳಬಹುದು' ಅಂತ ಒಬಾಮಾ ಪದೇಪದೇ ಮಾತು ಕೊಟ್ಟಿದ್ರು. 2013ರಲ್ಲಿ ಲಕ್ಷಾಂತರ ಜನರ ಮನೆಗೆ ಪಾಲಿಸಿ ರದ್ದಾದ ಪತ್ರ ಬಂತು. ಒಂದೇ ಪಕ್ಷದ ವೋಟಿನ ಮೇಲೆ ಇಷ್ಟು ದೊಡ್ಡ ಕಾನೂನು ನಿಲ್ಲಿಸಿದ್ರೆ ಗಾಳಿ ಬೀಸಿದಾಗಲೆಲ್ಲ ಅಲ್ಲಾಡುತ್ತೆ ಅನ್ನೋದೂ ನಿಜ. ಆದ್ರೆ 'ಇಬ್ಬರೂ ಒಂದೇ ಬಿಡಮ್ಮಾ' ಅಂತ ಕ್ಯಾಂಟೀನಲ್ಲಿ ಹೇಳೋ ತೀರ್ಪು ನಮಗೆ ಒಪ್ಪಿಗೆ ಇಲ್ಲ. ಏಳು ವರ್ಷ 'ರದ್ದು ಮಾಡಿ ಬೇರೆ ತರ್ತೀವಿ' ಅಂದವರಿಗೆ 2017ರಲ್ಲಿ ಅಧ್ಯಕ್ಷ ಗಾದಿ, ಎರಡೂ ಸದನ, ಎಲ್ಲಾ ಕೈಯಲ್ಲಿತ್ತು. ಬೇರೆದು ಏನು ಅನ್ನೋದು ಮಾತ್ರ ಇರಲಿಲ್ಲ. ಜುಲೈ 28ರ ರಾತ್ರಿ ಅವರದೇ ಪಕ್ಷದ ಜಾನ್ ಮೆಕೇನ್, ಮೆದುಳಿನ ಕ್ಯಾನ್ಸರ್ ಅಂತ ಗೊತ್ತಾಗಿ ಕೆಲವೇ ದಿನ ಆಗಿದ್ದವರು, ಸೆನೆಟ್‌ನ ನಡುವೆ ಬಂದು ಹೆಬ್ಬೆರಳು ಕೆಳಗೆ ಮಾಡಿದ್ರು. 49-51. ಅವರ ಜೊತೆ ಸುಸಾನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಕೂಡ ಪಕ್ಷದ ವಿರುದ್ಧ ವೋಟು ಹಾಕಿದ್ರು. ವಿಡಿಯೊ ವೈರಲ್ ಆಗಿದ್ದು ಮಾತ್ರ ಮೆಕೇನ್ ಅವರದ್ದು.

ನಮ್ಮ ಮಂಡ್ಯಕ್ಕೂ ಈ ಜಗಳದ ಬಿಸಿ ಒಂದು ಚೂರು ತಟ್ಟಿದೆ. ಹಲ್ಲೇಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅವರನ್ನ 2013ರ ನವೆಂಬರ್‌ನಲ್ಲಿ ಒಬಾಮಾ ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದ್ರು. ಒಬಾಮಾಕೇರ್ ಪರ ವೈದ್ಯರನ್ನ ಸಂಘಟಿಸಿದ್ದವರು ಅವರು. ಜೊತೆಗೆ ಬಂದೂಕು ಕೂಡ ಆರೋಗ್ಯದ ವಿಷಯ ಅಂತ ಒಂದು ಟ್ವೀಟ್ ಬೇರೆ ಮಾಡಿದ್ರು. ಅಷ್ಟು ಸಾಕಾಯ್ತು, ನೇಮಕ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೇತಾಡ್ತು. ಕೊನೆಗೆ 2014ರ ಡಿಸೆಂಬರ್‌ನಲ್ಲಿ 51-43ರಿಂದ ಒಪ್ಪಿಗೆ ಸಿಕ್ತು. ಅದೇ ವರ್ಷ ಅಮೆರಿಕದಲ್ಲಿ ಎಬೋಲಾ ಗಾಬರಿ ಇದ್ದಾಗ ದೇಶದ ಮುಖ್ಯ ವೈದ್ಯರ ಕುರ್ಚಿಯಲ್ಲಿ ಕಾಯಂ ಆಗಿ ಯಾರೂ ಇರಲಿಲ್ಲ.

ಇಷ್ಟೆಲ್ಲಾ ಗುದ್ದಾಟದ ನಡುವೆಯೂ ಕಾನೂನು ಕೆಲಸ ಮಾಡಿದೆ. 2010ರಲ್ಲಿ ಸುಮಾರು ಶೇ. 16 ಜನಕ್ಕೆ ವಿಮೆ ಇರಲಿಲ್ಲ, 2023ರ ಹೊತ್ತಿಗೆ ಅದು ಸುಮಾರು ಶೇ. 8ಕ್ಕೆ ಇಳಿದಿತ್ತು. ಅದರಲ್ಲಿ ಕೋವಿಡ್ ಸಮಯದಲ್ಲಿ, 2021ರಲ್ಲಿ, ಹೆಚ್ಚಿಸಿದ ಸಬ್ಸಿಡಿಯ ಪಾಲೂ ಇದೆ. ಆ ಹೆಚ್ಚುವರಿ ಸಬ್ಸಿಡಿಯ ಅವಧಿ 2025ರ ಕೊನೆಗೆ ಮುಗಿಯೋದಿತ್ತು. ಮುಂದುವರಿಸಿ ಅಂತ ಡೆಮಾಕ್ರಟ್‌ಗಳು ಪಟ್ಟು ಹಿಡಿದ್ರು, ಆಗಲ್ಲ ಅಂತ ರಿಪಬ್ಲಿಕನ್ನರು. ಅಕ್ಟೋಬರ್ 1ರಿಂದ 43 ದಿನ ಸರ್ಕಾರದ ಬಾಗಿಲೇ ಮುಚ್ಚಿತ್ತು, ಅಲ್ಲಿಯ ಇತಿಹಾಸದಲ್ಲಿ ಅಷ್ಟು ದಿನ ಯಾವತ್ತೂ ಮುಚ್ಚಿರಲಿಲ್ಲ. ಲಕ್ಷಾಂತರ ನೌಕರರು ಸಂಬಳ ಇಲ್ಲದೆ ಕಾದರು. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಬಾಗಿಲು ತೆರೆದಮೇಲೆ ಡಿಸೆಂಬರ್‌ನಲ್ಲಿ ಸೆನೆಟ್ ಮುಂದೆ ವಿಷಯ ಬಂತು, ಬೇಕಾದ 60 ಮತ ಬೀಳಲಿಲ್ಲ. ಆ ತಿಂಗಳ ಕೊನೆಗೆ ಸಬ್ಸಿಡಿ ಮುಗೀತು. ಸ್ವಂತವಾಗಿ ಪಾಲಿಸಿ ಕೊಳ್ಳೋ ಟ್ಯಾಕ್ಸಿ ಓಡಿಸೋರು, ಸಣ್ಣ ಅಂಗಡಿ ಇಟ್ಕೊಂಡಿರೋರು, ಹೊಲ ಮಾಡೋರು ಹೊಸ ವರ್ಷಕ್ಕೆ ದೊಡ್ಡದಾದ ಪ್ರೀಮಿಯಂ ಬಿಲ್ ಬಿಚ್ಚಿದ್ರು. ಅವರಲ್ಲಿ ಎರಡೂ ಪಕ್ಷಕ್ಕೆ ವೋಟು ಹಾಕಿದವರಿದ್ದಾರೆ.