ಶಾಲು ಹಾರಗಳ ಸುದ್ದಿಯೂ ಚರಂಡಿಯ ಮೌನವೂ

ಮೊನ್ನೆ ಮೊಹಲ್ಲಾ ನಿವಾಸಿಗಳ ಸಂಘವೊಂದರ ವಾರ್ತಾಪತ್ರ ನಮ್ಮ ಕೈ ಸೇರಿತು. ಎಂಟು ಪುಟ, ನುಣುಪು ಕಾಗದ, ಬಣ್ಣದ ಮುದ್ರಣ. ಪುಟ ತಿರುವುತ್ತಾ ಹೋದಂತೆ ಭಾವಚಿತ್ರಗಳನ್ನು ಎಣಿಸುವ ಮನಸ್ಸಾಯಿತು. ಒಟ್ಟು 23. ಅವುಗಳಲ್ಲಿ 19ರಲ್ಲಿ ಯಾರೋ ಒಬ್ಬರು ಇನ್ನೊಬ್ಬರಿಗೆ ಶಾಲು ಹೊದಿಸುತ್ತಿದ್ದಾರೆ. ಉಳಿದ ನಾಲ್ಕರಲ್ಲಿ ಶಾಲು ಹೊದೆಸಿಕೊಂಡವರು ಭಾಷಣ ಮಾಡುತ್ತಿದ್ದಾರೆ. ಕೊನೆಯ ಪುಟದ ಮೂಲೆಯಲ್ಲಿ ಒಂದು ಸಾಲು: ‘ಕಳೆದ ಸಾಲಿನ ಜಮಾಖರ್ಚನ್ನು ಸಭೆಯಲ್ಲಿ ಮಂಡಿಸಿ ಅಂಗೀಕರಿಸಲಾಯಿತು.’ ಜಮಾ ಎಷ್ಟು, ಖರ್ಚು ಎಷ್ಟು, ಉಳಿದದ್ದು ಎಷ್ಟು, ಅದು ಯಾರ ಬಳಿಯಿದೆ ಎಂಬುದರ ಸುಳಿವೇ ಇಲ್ಲ.

ನಾವು ಆ ಮೊಹಲ್ಲಾವನ್ನು ಬಲ್ಲೆವು. ಅಲ್ಲಿ ಮೂರನೆಯ ಅಡ್ಡರಸ್ತೆ ದಾಟಿದರೆ ಚರಂಡಿಗೆ ಮುಚ್ಚಳವಿಲ್ಲ. ಮಳೆಗಾಲದಲ್ಲಿ ಶಾಲಾ ಮಕ್ಕಳು ಗೋಡೆ ಹಿಡಿದು ನಡೆಯುತ್ತಾರೆ. ಕುಡಿಯುವ ನೀರು ಯಾವ ದಿನ, ಯಾವ ಹೊತ್ತಿಗೆ ಬಿಡುತ್ತಾರೆಂಬುದು ಮನೆಯ ಹೆಂಗಸರಿಗೆ ನಲ್ಲಿಯ ಸದ್ದಿನಿಂದಷ್ಟೇ ತಿಳಿಯುತ್ತದೆ. ಕಳೆದ ಚುನಾವಣೆಯ ದಿನ ಅಲ್ಲಿಯ ವೃದ್ಧೆಯೊಬ್ಬರು ಊರುಗೋಲು ಹಿಡಿದು ಮತಗಟ್ಟೆಗೆ ಹೋಗಿ, ಪಟ್ಟಿಯಲ್ಲಿ ಹೆಸರಿಲ್ಲವೆಂದು ಮರಳಿದರು. ನಲವತ್ತು ವರ್ಷ ಒಂದೇ ಬೀದಿಯಲ್ಲಿ ಬಾಳಿದ ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ: ‘ನನಗೆ ಯಾರೂ ಯಾಕೆ ಹೇಳಲಿಲ್ಲ?’

ಈ ಪ್ರಶ್ನೆಯನ್ನು ನಾವು ಇಂದು ಸಂಘದ ಪದಾಧಿಕಾರಿಗಳ ಮುಂದಿಡುತ್ತಿದ್ದೇವೆ. ಅವರೊಬ್ಬರ ಮುಂದೆ ಮಾತ್ರವಲ್ಲ. ನಮ್ಮ ಪಟ್ಟಣಗಳ ಹೆಚ್ಚಿನ ಮೊಹಲ್ಲಾ ಸಂಘಗಳ, ಯುವಕ ವೃಂದಗಳ, ಜಮಾಅತ್ ಕಮಿಟಿಗಳ ಸೂಚನಾ ಫಲಕಗಳ ಕತೆ ಇದಕ್ಕಿಂತ ಭಿನ್ನವಾಗಿಲ್ಲ. ಸನ್ಮಾನದ ಸುದ್ದಿಗೆ ಮುಖಪುಟ. ಹಕ್ಕಿನ ಸುದ್ದಿಗೆ ಮೂಲೆಯೂ ಇಲ್ಲ. ನೆರೆಹೊರೆಯ ಸಂಘ ಇರುವುದು ಯಾತಕ್ಕೆ? ನೆರೆಯವನಿಗೆ ತಿಳಿಯಬೇಕಾದದ್ದನ್ನು ಸಕಾಲದಲ್ಲಿ ತಿಳಿಸುವುದಕ್ಕೋ, ಪದಾಧಿಕಾರಿಗಳ ಮುಖಪರಿಚಯ ಮಾಡಿಸುವುದಕ್ಕೋ?

ಸುದ್ದಿ ತಿಳಿಯದವನಿಗೆ ಹಕ್ಕಿದ್ದೂ ಇಲ್ಲದಂತೆ. ಕೆಲವು ಉದಾಹರಣೆಗಳನ್ನು ನೋಡಿ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬ ನಿಯಮ ಹಳೆಯದು. ಆದರೆ 2023ರ ತಿದ್ದುಪಡಿಯ ಬಳಿಕ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಮೂನೆ 6, ಹೆಸರು ಕೈಬಿಡಲು ನಮೂನೆ 7, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. 2022ರಿಂದ, 18 ತುಂಬಿದವರು ಜನವರಿಯ ತನಕ ಕಾಯಬೇಕಿಲ್ಲ. ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. 2025ರಲ್ಲಿ ರಾಜ್ಯ ಸರಕಾರ ಪಟ್ಟಣಗಳ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತಾ ನೀಡುವ ಅಭಿಯಾನ ನಡೆಸಿತು. ಇಂತಹ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡ ನಮ್ಮವರ ಸಂಖ್ಯೆಯೇನು ಕಡಿಮೆಯೇ? ಇವುಗಳಲ್ಲಿ ಎಷ್ಟು ಸುದ್ದಿಗಳು ನಮ್ಮ ಸೂಚನಾ ಫಲಕಗಳನ್ನು ತಲುಪಿದವು? ಪಕ್ಕದ ಬಡಾವಣೆಯವರು ಸಾಲಿನಲ್ಲಿ ನಿಂತು ಕೆಲಸ ಮುಗಿಸಿಕೊಂಡು ಬಂದ ಮೇಲೆ ನಮ್ಮವರು ದಲ್ಲಾಳಿಯ ಮನೆ ಹುಡುಕುತ್ತಾರೆ. ದಲ್ಲಾಳಿ ನಮ್ಮಿಂದ ಹಣ ಪಡೆಯುವುದು ತನ್ನ ಕೆಲಸಕ್ಕಲ್ಲ, ನಮ್ಮ ಅಜ್ಞಾನಕ್ಕೆ.

ಕಾನೂನು ನಿವಾಸಿಗಳ ಸಂಘಕ್ಕೆ ಕೊಟ್ಟಿರುವ ಸ್ಥಾನವನ್ನಾದರೂ ನಾವು ಅರಿತಿದ್ದೇವೆಯೇ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಹೇಳಿತು. ಬೆಂಗಳೂರಿಗೆ ಈಗ ಪ್ರತ್ಯೇಕ ಕಾಯ್ದೆಯಿದೆ. ಉಳಿದ ಮಹಾನಗರಪಾಲಿಕೆಗಳ ಕಾಯ್ದೆಗೆ 2011ರಲ್ಲಾದ ತಿದ್ದುಪಡಿಯಂತೆ, ಕಾರ್ಪೊರೇಟರರ ಅಧ್ಯಕ್ಷತೆಯ ವಾರ್ಡ್ ಸಮಿತಿಯಲ್ಲಿ ಹತ್ತು ಮಂದಿ ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ-ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು. ಅಂದರೆ ಬೀದಿದೀಪ, ಕಸ, ನೀರು, ರಸ್ತೆಯ ಕುರಿತು ಮಾತಾಡುವ ಮೇಜಿನ ಬಳಿ ನಮ್ಮಂಥ ಸಂಘಗಳಿಗೆಂದೇ ಕಾನೂನು ಕುರ್ಚಿ ಹಾಕಿಟ್ಟಿದೆ. ಆ ಸಮಿತಿಗಳು ತಾವಾಗಿ ಹುಟ್ಟಿದವೇ? ಇಲ್ಲ. ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಎಚ್ಚೆತ್ತ ನಾಗರಿಕರು ಹೈಕೋರ್ಟಿನ ಮೆಟ್ಟಿಲೇರಿದ ಬಳಿಕವೇ ಅಧಿಕಾರಿಗಳು ಮೈಕೊಡವಿ ಎದ್ದದ್ದು. ಇನ್ನು ನಗರಸಭೆ, ಪುರಸಭೆಗಳ ಊರುಗಳಿಗೆ ಸಂವಿಧಾನದ ಈ ಕಡ್ಡಾಯವೂ ಇಲ್ಲ. ಅಲ್ಲಿ ಸಂಘವೇ ಬಾಯಿ ತೆರೆಯದಿದ್ದರೆ ಮಾತಾಡುವವರು ಬೇರಾರು?

‘ನಮಗೆ ಯಾರು ಕೊಡುತ್ತಾರೆ? ಎಲ್ಲೆಡೆ ಪಕ್ಷಪಾತ’ ಎನ್ನುವವರಿದ್ದಾರೆ. ಪಕ್ಷಪಾತವಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. 2006ರಲ್ಲೇ ಸಾಚಾರ್ ಸಮಿತಿ ಮುಸ್ಲಿಮರು ಹೆಚ್ಚಿರುವ ಪ್ರದೇಶಗಳ ಮೂಲಸೌಕರ್ಯಗಳ ಕೊರತೆಯತ್ತ ಬೆರಳು ತೋರಿಸಿತ್ತು. ದೇಶದ ಸುಮಾರು 15 ಲಕ್ಷ ನೆರೆಹೊರೆಗಳ ಮಾಹಿತಿಯನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು 2023ರಲ್ಲಿ ಹೊರಬಂತು. ನಗರಗಳೊಳಗೆ ಮುಸ್ಲಿಮರ ಮತ್ತು ಪರಿಶಿಷ್ಟ ಜಾತಿಗಳ ಕೇರಿಗಳಿಗೆ ಸರಕಾರಿ ಸೌಲಭ್ಯಗಳು ವ್ಯವಸ್ಥಿತವಾಗಿ ಕಡಿಮೆ ಎಂಬುದು ಅದರ ತೀರ್ಮಾನ. ಆದರೆ ಅದರಲ್ಲಿ ಇನ್ನೊಂದು ಮಾತೂ ಇದೆ, ನಾವು ಗಮನಿಸಬೇಕಾದದ್ದು ಅದನ್ನು: ಈ ಅನ್ಯಾಯದ ಬಹುಪಾಲು ನಡೆಯುವುದು ಒಂದೇ ನಗರದ ಒಂದು ಕೇರಿಗೂ ಇನ್ನೊಂದು ಕೇರಿಗೂ ನಡುವೆ, ಆಡಳಿತದ ತೀರಾ ಕೆಳಗಿನ ಮೆಟ್ಟಿಲಲ್ಲಿ. ಅಂದರೆ ದಿಲ್ಲಿಯಲ್ಲಲ್ಲ, ವಿಧಾನಸೌಧದಲ್ಲೂ ಅಲ್ಲ. ನಮ್ಮ ಊರಿನ ಪಾಲಿಕೆಯಲ್ಲಿ, ನಮ್ಮ ವಾರ್ಡಿನ ಕಡತದಲ್ಲಿ. ಹಾಗಿರುವಾಗ ದಿಲ್ಲಿಯ ರಾಜಕೀಯವನ್ನು ರಾತ್ರಿಯಿಡೀ ಚರ್ಚಿಸುವ ನಾವು, ವಾರ್ಡಿನ ಇಂಜಿನಿಯರರ ಹೆಸರನ್ನೇ ತಿಳಿಯದೆ ಇರುವುದು ಎಂತಹ ವಿಪರ್ಯಾಸ! ಪಕ್ಷಪಾತವನ್ನು ಸಾಬೀತುಪಡಿಸಬೇಕಾದರೂ ಅರ್ಜಿಯ ಪ್ರತಿ ಬೇಕು, ಸ್ವೀಕೃತಿಯ ಮೊಹರು ಬೇಕು, ದಿನಾಂಕ ಬೇಕು. ದೂರು ಕೊಡದವನ ನೋವು ಯಾವ ಕಡತದಲ್ಲೂ ದಾಖಲಾಗುವುದಿಲ್ಲ.

ಮದ್ರಸದಲ್ಲಿ ಕಲಿಯುತ್ತಿದ್ದಾಗ ನಮಗೆ ಉಸ್ತಾದರು ಮೊದಲು ಹೇಳಿಕೊಟ್ಟದ್ದು, ಒಂದು ಮಾತನ್ನು ಒಪ್ಪುವ ಮುನ್ನ ‘ಇದನ್ನು ಹೇಳಿದವರಾರು?’ ಎಂದು ಕೇಳುವುದನ್ನು. ಹದೀಸ್ ವಿದ್ವಾಂಸರು ಒಂದು ವರದಿಯ ಸರಪಳಿಯ ಒಬ್ಬೊಬ್ಬ ವರದಿಗಾರನ ಪ್ರಾಮಾಣಿಕತೆಯನ್ನೂ ನೆನಪಿನ ಶಕ್ತಿಯನ್ನೂ ತೂಗಿದರು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಇಂತಹ ಪರಂಪರೆಯ ವಾರಸುದಾರರ ಮೊಹಲ್ಲಾ ವಾಟ್ಸಾಪ್ ಗುಂಪುಗಳಲ್ಲಿ ಇಂದು ಹರಿದಾಡುವುದೇನು? ಎಲ್ಲಿಯದೋ ಹಳೆಯ ವೀಡಿಯೊ, ಮಕ್ಕಳ ಕಳ್ಳರ ವದಂತಿ, ಹೇಳಿದವರು ಗೊತ್ತಿಲ್ಲದ ಔಷಧಿ. ನಾಳೆ ನೀರು ಬರುವುದಿಲ್ಲವೆಂಬ ಪಾಲಿಕೆಯ ಪ್ರಕಟಣೆ ಇವುಗಳ ನಡುವೆ ಹೂತುಹೋಗುತ್ತದೆ. ಸಂಘ ಖಚಿತ ಸುದ್ದಿ ಕೊಡದಿದ್ದಾಗ ಆ ಜಾಗವನ್ನು ವದಂತಿ ತುಂಬುತ್ತದೆ. ವದಂತಿಗೆ ನಮ್ಮ ಸಮುದಾಯ ಈಗಾಗಲೇ ತೆತ್ತ ಬೆಲೆ ಸಾಲದೇ?

ಇನ್ನು ಲೆಕ್ಕದ ಮಾತು. ಖಲೀಫಾ ಉಮರ್‌ರ ಅಂಗಿಗೆ ಹೆಚ್ಚುವರಿ ಬಟ್ಟೆ ಎಲ್ಲಿಂದ ಬಂತೆಂದು ತುಂಬಿದ ಸಭೆಯಲ್ಲಿ ಸಾಮಾನ್ಯನೊಬ್ಬ ಕೇಳಿದ ಪ್ರಸಂಗವನ್ನು ನಾವು ಮಿಂಬರ್‌ನಿಂದ ಎಷ್ಟು ಬಾರಿ ಕೇಳಿಲ್ಲ! ಕೇಳಿ ತಲೆದೂಗುತ್ತೇವೆ. ಹೊರಬಂದ ಮೇಲೆ ಸಂಘದ ಕಾರ್ಯದರ್ಶಿಯನ್ನು ಆಂಬುಲೆನ್ಸ್ ನಿಧಿಯ ಲೆಕ್ಕ ಕೇಳಿದ ಯುವಕನಿಗೆ ‘ಫಿತ್ನಾ ಮಾಡಬೇಡ’ ಎನ್ನುತ್ತೇವೆ. ಲೆಕ್ಕ ಕೇಳುವುದು ಫಿತ್ನಾ ಅಲ್ಲ, ಲೆಕ್ಕ ಮುಚ್ಚಿಡುವುದೇ ಫಿತ್ನಾದ ಬೀಜ. 1960ರ ಸಂಘಗಳ ನೋಂದಣಿ ಕಾಯ್ದೆಯೂ ನೋಂದಾಯಿತ ಸಂಘ ಪ್ರತಿವರ್ಷ ಮಹಾಸಭೆ ನಡೆಸಿ, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕೆನ್ನುತ್ತದೆ. ಸರಕಾರಿ ಕಚೇರಿಗೆ ಕೊಡುವ ಲೆಕ್ಕವನ್ನು ಚಂದಾ ಕೊಟ್ಟ ನೆರೆಯವನಿಂದ ಮುಚ್ಚಿಡಲು ಕಾರಣವೇನು? ಪ್ರಾಮಾಣಿಕ ಪದಾಧಿಕಾರಿಗಳೇ ನಮ್ಮಲ್ಲಿ ಹೆಚ್ಚು ಎಂಬ ನಂಬಿಕೆ ನಮಗಿದೆ. ಪ್ರಕಟವಾದ ಲೆಕ್ಕ ಮೊದಲು ಕಾಪಾಡುವುದು ಅವರ ಮಾನವನ್ನೇ.

ಕೊನೆಯದಾಗಿ, ‘ನಿವಾಸಿ’ ಎಂದರೆ ಯಾರು? ಮುಸ್ಲಿಮ್ ಎಂಬ ಕಾರಣಕ್ಕೆ ಬಾಡಿಗೆ ಮನೆ ಸಿಗದೆ ಅಲೆದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅಹಮದಾಬಾದಿನ ಗೃಹ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಸೀಮಿತಗೊಳಿಸಿದ ಉಪನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ, ಈ ಬಾಗಿಲು ಮುಂದೆ ಯಾರ ಮುಖಕ್ಕೆ ಮುಚ್ಚೀತೆಂಬ ಆತಂಕ ಸಹಜವಾಗಿತ್ತು. ಆದರೆ ಇತರರ ಬಾಗಿಲ ಬಗ್ಗೆ ದೂರುವ ನಾವು ನಮ್ಮ ಬಾಗಿಲನ್ನು ನೋಡಿಕೊಂಡಿದ್ದೇವೆಯೇ? ನಮ್ಮ ಎಷ್ಟೋ ಸಂಘಗಳಲ್ಲಿ ಸ್ವಂತ ಮನೆಯವನಿಗೆ ಮಾತ್ರ ಸದಸ್ಯತ್ವ. ಬಾಡಿಗೆದಾರ ಚಂದಾಕ್ಕೆ ಬೇಕು, ಸಭೆಗೆ ಬೇಡ. ನೀರಿನ, ಕಸದ, ಅಂಗನವಾಡಿಯ ಕಷ್ಟವನ್ನು ದಿನವೂ ಉಣ್ಣುವವರು ಮಹಿಳೆಯರು; ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಒಂದು ಹೆಸರೂ ಇಲ್ಲ. ವಾರ್ಡ್ ಸಮಿತಿಯಲ್ಲಿ ಕಾನೂನು ಮೂವರು ಮಹಿಳೆಯರನ್ನು ಕೇಳುತ್ತದೆ, ನಮ್ಮ ಸಂಘ ಒಬ್ಬರನ್ನೂ ಕೇಳುವುದಿಲ್ಲ. ಅದೇ ಬೀದಿಯ ಕೊನೆಯಲ್ಲಿರುವ ನಾಲ್ಕು ದಲಿತ ಮನೆಗಳಿಗೆ, ಎರಡು ಕ್ರೈಸ್ತ ಮನೆಗಳಿಗೆ ಸಂಘದ ಪತ್ರ ತಲುಪುವುದೇ ಇಲ್ಲ. ಚರಂಡಿಯ ನೀರು ಮಾತ್ರ ಧರ್ಮ ಕೇಳದೆ ಎಲ್ಲರ ಅಂಗಳಕ್ಕೂ ನುಗ್ಗುತ್ತದೆ. ಮನೆಯಲ್ಲಿ ಆಡು ಕೊಯ್ದ ದಿನ, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ಮನೆಯವರನ್ನು ಮತ್ತೆ ಮತ್ತೆ ವಿಚಾರಿಸಿದ ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್‌ರ ಪ್ರಸಂಗವನ್ನು ನಾವು ಓದಿದ್ದು ಪರೀಕ್ಷೆಗಷ್ಟೇ ಆಯಿತೇ?

ನಾವು ಅಸಾಧ್ಯವಾದುದನ್ನು ಕೇಳುತ್ತಿಲ್ಲ. ನುಣುಪು ಕಾಗದ ಬೇಡ, ಬಣ್ಣ ಬೇಡ. ತಿಂಗಳಿಗೊಂದು ಹಾಳೆ, ಎರಡೂ ಬದಿ ಅಚ್ಚಾದರೆ ಸಾಕು. ಆ ತಿಂಗಳ ಜಮಾ, ಖರ್ಚು, ಉಳಿಕೆ. ಪಾಲಿಕೆಗೆ ಕೊಟ್ಟ ಅರ್ಜಿಗಳ ದಿನಾಂಕ, ಬಂದ ಉತ್ತರ; ಉತ್ತರ ಬಾರದಿದ್ದರೆ ಎಷ್ಟು ದಿನಗಳಾದವು ಎಂಬ ಎಣಿಕೆ. ಮತದಾರರ ಪಟ್ಟಿಯ ಕರಡು ಪ್ರಕಟವಾದಾಗ ಬೀದಿವಾರು ಹೆಸರುಗಳ ಪರಿಶೀಲನೆ. ಮಕ್ಕಳ ವಿದ್ಯಾರ್ಥಿವೇತನದ ಕೊನೆಯ ದಿನಾಂಕ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು, ಯಾರ ಮಗಳು ಪರೀಕ್ಷೆಯಲ್ಲಿ ತೇರ್ಗಡೆ ಎಂಬ ನಾಲ್ಕು ಸಾಲು. ಈ ಹಾಳೆ ಮಸೀದಿಯ ಫಲಕದಲ್ಲಿರಲಿ. ಪಡಿತರ ಅಂಗಡಿಯ ಗೋಡೆಯಲ್ಲೂ ಇರಲಿ, ಏಕೆಂದರೆ ಮಹಿಳೆಯರೂ ಇತರ ನೆರೆಯವರೂ ನಿಲ್ಲುವ ಸಾಲು ಅಲ್ಲಿದೆ. ಓದಲು ಬಾರದವರಿಗೆ ಓದಿ ಹೇಳುವ ಕೆಲಸವನ್ನು ಬೀದಿಯ ಕಾಲೇಜು ವಿದ್ಯಾರ್ಥಿನಿಯರಿಗೆ ವಹಿಸಲಿ.

ಸಾಧನೆ ಮಾಡಿದವರನ್ನು ಗೌರವಿಸಬಾರದೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ವರ್ಷ, ಒಂದೇ ಒಂದು ವರ್ಷ ಶಾಲುಗಳ ಹಣವನ್ನು ಉಳಿಸಿ ಈ ಹಾಳೆಯನ್ನು ಅಚ್ಚು ಹಾಕಿಸಿ ನೋಡಿ. ಮುಂದಿನ ಚುನಾವಣೆಯ ದಿನ ಊರುಗೋಲು ಹಿಡಿದ ಆ ತಾಯಿ ಮತಗಟ್ಟೆಯಿಂದ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಬಂದರೆ, ಆ ವರ್ಷದ ವಾರ್ತಾಪತ್ರದಲ್ಲಿ ಹಾಕಲು ಒಂದೇ ಭಾವಚಿತ್ರ ಸಾಕು.