ಹಾಡಿಗೆ ಸಿಗದ ವ್ಯವಧಾನ

ಕನ್ನಡ ಚಿತ್ರಗೀತೆ ಕೆಟ್ಟುಹೋಯಿತು ಎಂಬ ದೂರು ಸಾಮಾನ್ಯವಾಗಿ ನಾಲ್ಕು ಮಾತುಗಳಲ್ಲಿ ಬರುತ್ತದೆ. ಹೊಸ ಹಾಡಿನ ಮಟ್ಟು ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಸಾಹಿತ್ಯಕ್ಕೆ ತಲೆಬುಡವಿಲ್ಲ, ಅಬ್ಬರದಲ್ಲಿ ಮಾತೇ ಕೇಳುವುದಿಲ್ಲ, ಹಾಡುವವರಿಗೆ ಕನ್ನಡ ಬಾರದು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಎಂ. ರಂಗರಾವ್, ಉಪೇಂದ್ರಕುಮಾರ್ ಅವರಂಥ ಸಂಗೀತ ನಿರ್ದೇಶಕರ ಕಾಲವನ್ನು ಎದುರಿಗಿಟ್ಟುಕೊಂಡು ಇಂದಿನದನ್ನು ಅಳೆಯುವ ದೂರು ಇದು. ಪ್ರತಿವಾದವೂ ಸಿದ್ಧವಾಗಿಯೇ ಇರುತ್ತದೆ: ಯಾವ ತಲೆಮಾರಿಗಾದರೂ ತನ್ನ ಹರೆಯದ ಹಾಡೇ ಚೆಂದ. ವಾದ ದಶಕಗಳಿಂದ ಈ ಎರಡರ ನಡುವೆ ಗಿರಕಿ ಹೊಡೆಯುತ್ತಿದೆ. ಎರಡೂ ಕಡೆಯವರು ಸಿದ್ಧವಾದ ಹಾಡನ್ನು ಕೇಳಿ ತೀರ್ಪು ಕೊಡುತ್ತಾರೆ. ಹಾಡು ಸಿದ್ಧವಾಗುವ ಬಗೆಯತ್ತ ಕಣ್ಣು ಹಾಯಿಸುವವರು ಕಡಿಮೆ. ಅತ್ತ ನೋಡಿದರೆ ವಿಷಯ ಬೇರೆಯೇ ಇದೆ. ಪ್ರತಿಭೆ ಬತ್ತಿಲ್ಲ. ಒಂದು ಹಾಡಿಗಾಗಿ ಹಲವರು ಒಂದೆಡೆ ಕೂತು ಕೊಡುತ್ತಿದ್ದ ಹೊತ್ತು ಕರಗಿಹೋಗಿದೆ, ಮತ್ತು ಆ ಕೊರತೆ ಹಾಡಿನ ಕೆಲವು ಜಾಗಗಳಲ್ಲಿ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ.

ದೂರು ಮಾತ್ರ ಹಳೆಯದು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಜನರ ಅಭಿರುಚಿಯನ್ನು ಹಾಳುಮಾಡುತ್ತಿದೆ ಎಂಬ ದೃಢ ನಂಬಿಕೆಯಿತ್ತು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆ ಬಹುಮಟ್ಟಿಗೆ ಮರೆಯಾಯಿತು. ಕೇಳುಗರು ರೇಡಿಯೊದ ಮುಳ್ಳನ್ನು ಚಿತ್ರಗೀತೆ ಬಿತ್ತರಿಸುತ್ತಿದ್ದ ರೇಡಿಯೊ ಸಿಲೋನಿನತ್ತ ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ಸರ್ಕಾರವೇ ಚಿತ್ರಗೀತೆ ಬಿತ್ತರಿಸುವ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಇಂದು ಸುವರ್ಣಯುಗವೆಂದು ಕೊಂಡಾಡುವ ಐವತ್ತರ ದಶಕದ ಹಾಡುಗಳೇ ಅಂದು ಅಭಿರುಚಿಗೆಟ್ಟವು ಎನಿಸಿಕೊಂಡಿದ್ದವು. ಹಿಂದಿನ ಕನ್ನಡ ಹಾಡುಗಳೆಲ್ಲ ಸ್ವಂತದವು ಎಂಬುದೂ ನಿಜವಲ್ಲ. ಮೊದಲ ವಾಕ್ಚಿತ್ರಗಳ ಹಾಡುಗಳು ಕಂಪನಿ ನಾಟಕದ ಮಟ್ಟುಗಳಿಂದ ಬಂದವು. ಆ ಮಟ್ಟುಗಳಲ್ಲಿ ಪಾರ್ಸಿ ಮತ್ತು ಮರಾಠಿ ರಂಗಭೂಮಿಯಿಂದ ತಂದವು ಧಾರಾಳವಾಗಿದ್ದವು. ಮುಂದೆ ಹಿಂದಿ ಚಿತ್ರಗಳ ಮಟ್ಟಿಗೆ ಕನ್ನಡದ ಮಾತು ಕೂಡಿಸುವುದೂ ರೂಢಿಯಾಯಿತು. ಸ್ವಂತಿಕೆ ಎಂಬುದು ಇಂದು ಕಳೆದುಹೋದ ಆಸ್ತಿಯೇನೂ ಅಲ್ಲ.

1987ರ ‘ಪ್ರೇಮಲೋಕ’ ಬಂದಾಗ ಅದರ ಸಂಗೀತ ನಿರ್ದೇಶಕ ಹಂಸಲೇಖ ಅವರ ಮೇಲೆ ಬಿದ್ದ ಟೀಕೆ, ಇಂದು ಹೊಸಬರ ಮೇಲೆ ಬೀಳುವ ಟೀಕೆಯಿಂದ ದೂರವೇನಿಲ್ಲ: ಬೀದಿಯ ಮಾತನ್ನು ಹಾಡಿಗೆ ತಂದರು, ಸಂಭಾಷಣೆಯನ್ನೇ ಹಾಡಾಗಿಸಿದರು. ಅದೇ ಹಂಸಲೇಖ 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ‘ಪ್ರೇಮಲೋಕ’ದ ಕ್ಯಾಸೆಟ್ ಸವೆಸಿದ ತಲೆಮಾರು ಈಗ ಐವತ್ತು ದಾಟಿದೆ, ಅವರ ಬಾಯಲ್ಲಿ ಆ ಹಾಡುಗಳೇ ‘ಹಳೆಯ ಒಳ್ಳೆಯ ಹಾಡು’ಗಳಾಗಿವೆ.

ಇನ್ನೊಂದು ಮೋಸ ನೆನಪಿನದು. ಎಪ್ಪತ್ತರ ದಶಕ ಎಂದೊಡನೆ ಮನಸ್ಸಿಗೆ ಬರುವುದು ‘ಶರಪಂಜರ’, ‘ನಾಗರಹಾವು’, ‘ಬಂಗಾರದ ಮನುಷ್ಯ’, ‘ಗಂಧದ ಗುಡಿ’, ‘ಹಂಸಗೀತೆ’. ಅದೇ ವರ್ಷಗಳಲ್ಲಿ ಬಂದ ನೂರಾರು ಹಾಡುಗಳು, ಕಥೆಗೆ ಸಂಬಂಧವಿಲ್ಲದೆ ತುರುಕಿದ ಕ್ಯಾಬರೆಗಳು, ದ್ವಂದ್ವಾರ್ಥದ ಹಾಸ್ಯಗೀತೆಗಳು, ಹೆಂಡತಿಗೆ ಬುದ್ಧಿ ಕಲಿಸುವ ಉಪದೇಶಗಳು ಯಾರ ಪಟ್ಟಿಯಲ್ಲೂ ಉಳಿದಿಲ್ಲ. ಐವತ್ತು ವರ್ಷ ಜರಡಿ ಹಿಡಿದ ಮೇಲೆ ಉಳಿದದ್ದನ್ನು, ಈ ವಾರ ಬಿಡುಗಡೆಯಾದ ಅಷ್ಟೂ ಹಾಡುಗಳ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ.

ಹಾಗೆಂದು ದೂರನ್ನೆಲ್ಲ ಹಳಹಳಿಕೆ ಎಂದು ತಳ್ಳಿಹಾಕುವುದು ಸೋಮಾರಿತನ. ಕೆಲವು ಬದಲಾವಣೆಗಳನ್ನು ಅಳೆಯಬಹುದು, ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಅಳೆದೂ ಆಗಿದೆ. 1955ರಿಂದ 2010ರವರೆಗಿನ ಸುಮಾರು 4.6 ಲಕ್ಷ ಧ್ವನಿಮುದ್ರಣಗಳನ್ನು ಗಣಕಯಂತ್ರದಿಂದ ಪರಿಶೀಲಿಸಿದ ಸ್ಪೇನಿನ ಸಂಶೋಧಕರು 2012ರಲ್ಲಿ ಮೂರು ಸಂಗತಿ ಕಂಡರು: ಸ್ವರದಿಂದ ಸ್ವರಕ್ಕೆ ಸಾಗುವ ದಾರಿಗಳು ಕಡಿಮೆಯಾಗಿವೆ, ನಾದದ ಬಣ್ಣಗಳು ಏಕರೂಪವಾಗುತ್ತಿವೆ, ಧ್ವನಿಯ ಅಬ್ಬರ ಏರುತ್ತಲೇ ಇದೆ. ಮೂರು ವರ್ಷಗಳ ನಂತರ ಲಂಡನ್ನಿನ ಸಂಶೋಧಕರು ಅಮೆರಿಕದ ಜನಪ್ರಿಯ ಪಟ್ಟಿಯ ಸುಮಾರು 17,000 ಹಾಡುಗಳನ್ನು ಪರೀಕ್ಷಿಸಿ ಬೇರೆ ತೀರ್ಮಾನಕ್ಕೆ ಬಂದರು. ವೈವಿಧ್ಯ ಒಂದೇ ಸಮನೆ ಇಳಿದಿಲ್ಲ. ಎಂಬತ್ತರ ದಶಕದ ನಡುವೆ ಕುಗ್ಗಿ ಮತ್ತೆ ಚೇತರಿಸಿಕೊಂಡಿದೆ. 1964, 1983, 1991ರಲ್ಲಿ ದೊಡ್ಡ ಪಲ್ಲಟಗಳಾಗಿವೆ. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಮಾತು ಗಟ್ಟಿಯಾಗುತ್ತದೆ. ‘ಸಂಗೀತ ಇಳಿಯಿತು’ ಎಂಬ ಒಟ್ಟಾರೆ ತೀರ್ಪು ನಿಲ್ಲುವುದಿಲ್ಲ. ಯಾವ ಅಂಶ ಬಡವಾಯಿತು, ಏಕೆ ಆಯಿತು ಎಂದು ಬಿಡಿಸಿ ಕೇಳಬೇಕು.

ಕನ್ನಡದ ಮಟ್ಟಿಗೆ ಉತ್ತರ ಮದ್ರಾಸಿನ ಧ್ವನಿಮುದ್ರಣ ಮಂದಿರಗಳಲ್ಲಿದೆ. ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಕನ್ನಡದ ಹೆಚ್ಚಿನ ಹಾಡುಗಳು ಮುದ್ರಣಗೊಂಡದ್ದು ಅಲ್ಲಿ. ಪಿಟೀಲು, ಕೊಳಲು, ವೀಣೆ, ತಬಲಾ, ಢೋಲಕ್, ಗಿಟಾರ್ ನುಡಿಸುವವರೆಲ್ಲ ಒಂದೇ ಹಜಾರದಲ್ಲಿ ಕೂರುತ್ತಿದ್ದರು. ಗಾಯಕರು ಅವರ ಜೊತೆಯಲ್ಲೇ ಹಾಡುತ್ತಿದ್ದರು. ನಾಲ್ಕನೇ ನಿಮಿಷದಲ್ಲಿ ಒಬ್ಬರು ಒಂದು ಸ್ವರ ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ಈ ಭಯವೇ ತಾಲೀಮನ್ನು ಕಡ್ಡಾಯ ಮಾಡಿತ್ತು. ಬೆಳಗ್ಗೆಯಿಂದ ತಾಲೀಮು, ಸಂಜೆಯ ಹೊತ್ತಿಗೆ ಟೇಕ್. ಆ ನಡುವೆ ಹಾಡು ತಿದ್ದಿಸಿಕೊಳ್ಳುತ್ತಿತ್ತು: ಕೊಳಲಿನವರು ನುಡಿಸಿದ ಒಂದು ಸಂಗತಿ ಹಿಡಿಸಿದರೆ ಅದು ಹಾಡಿನೊಳಗೆ ಸೇರುತ್ತಿತ್ತು, ಗಾಯಕಿಗೆ ಉಸಿರು ಸಾಲದ ಸಾಲನ್ನು ಕವಿ ಅಲ್ಲೇ ಮುರಿದು ಕಟ್ಟುತ್ತಿದ್ದರು.

ಹಾಡುವವರಿಗೆ ಕನ್ನಡ ಬಾರದು ಎಂಬ ದೂರನ್ನೂ ಇಲ್ಲಿಯೇ ಪರೀಕ್ಷಿಸಬೇಕು, ಏಕೆಂದರೆ ಅದರಲ್ಲಿ ಸತ್ಯಕ್ಕಿಂತ ಸಿಟ್ಟು ಹೆಚ್ಚಿದೆ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್. ಜಾನಕಿ ಗುಂಟೂರು ಕಡೆಯವರು. ಪಿ. ಸುಶೀಲಾ ವಿಜಯನಗರಂನವರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರು ಕಡೆಯವರು. ಕನ್ನಡಿಗರು ತಮ್ಮವರೆಂದು ಎದೆಗಪ್ಪಿಕೊಂಡ ಈ ನಾಲ್ವರಲ್ಲಿ ಒಬ್ಬರ ಮನೆಮಾತೂ ಕನ್ನಡವಲ್ಲ. ಆದರೂ ಅವರ ‘ಹ’ಕಾರ ಬಿದ್ದುಹೋಗುವುದಿಲ್ಲ, ‘ಳ’ ಹೋಗಿ ‘ಲ’ ಆಗುವುದಿಲ್ಲ. ಕಾರಣ ಸರಳ: ಅವರು ಹಾಡುವಾಗ ಹಾಡು ಬರೆದ ಚಿ. ಉದಯಶಂಕರ್ ಅವರೋ ಆರ್.ಎನ್. ಜಯಗೋಪಾಲ್ ಅವರೋ ವಿಜಯನಾರಸಿಂಹ ಅವರೋ ಕೈಗೆ ಸಿಗುವಷ್ಟು ಹತ್ತಿರ ಇರುತ್ತಿದ್ದರು. ಪದದ ಅರ್ಥ ಹೇಳುತ್ತಿದ್ದರು, ಎಲ್ಲಿ ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂದು ತಿದ್ದುತ್ತಿದ್ದರು. ಶ್ರೀನಿವಾಸ್ ಅವರಂತೂ ಹಲವು ಭಾಷೆಗಳಲ್ಲಿ ಕವಿತೆ ಬರೆಯುವಷ್ಟು ಮಾತಿನ ಮೋಹಿ. ಪರಭಾಷೆಯ ಗಾಯಕರು ಎಂದು ಇಂದಿನವರನ್ನು ಜರೆಯುವುದಕ್ಕೆ ಅರ್ಥವಿಲ್ಲ. ಮುಂಬೈಯ ಸ್ಟುಡಿಯೋದಲ್ಲಿ ನಿಂತು, ಬೇರೊಬ್ಬರು ಹಾಡಿದ ಟ್ರ್ಯಾಕ್ ಕೇಳಿಸಿಕೊಂಡು, ದೇವನಾಗರಿಯಲ್ಲಿ ಬರೆದ ಸಾಲನ್ನು ಒಂದು ಗಂಟೆಯಲ್ಲಿ ಹಾಡಿ ಮುಗಿಸುವ ಗಾಯಕನನ್ನು ತಿದ್ದುವುದಕ್ಕೆ ಅಲ್ಲಿ ಯಾರೂ ಇರುವುದಿಲ್ಲ. ತಪ್ಪು ಆ ಏರ್ಪಾಟಿನದು.

ಎಲ್ಲರೂ ಒಟ್ಟಿಗೆ ಕೂತು ಹಾಡು ಕಟ್ಟುವ ಹಳೆಯ ಏರ್ಪಾಟು ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೆ 1966ರ ‘ಸಂಧ್ಯಾರಾಗ’ ಸಾಕ್ಷಿ. ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ಆ ಚಿತ್ರಕ್ಕೆ ಭೀಮಸೇನ ಜೋಶಿ ಮತ್ತು ಎಂ. ಬಾಲಮುರಳಿಕೃಷ್ಣ ಇಬ್ಬರೂ ಹಾಡಿದರು. ಒಂದೇ ರಚನೆಯನ್ನು ಹಿಂದೂಸ್ತಾನಿಯ ಗಾಯಕರು, ಕರ್ನಾಟಕ ಸಂಗೀತದ ವಿದ್ವಾಂಸರು, ಚಿತ್ರಗೀತೆಯ ಗಾಯಕಿ ಬೇರೆ ಬೇರೆಯಾಗಿ ಹಾಡಿದ್ದನ್ನು ಇಂದು ಕೇಳಿದರೂ, ಕೇಳುಗನಿಗೆ ಯಾರೂ ಪಾಠ ಹೇಳದೆ ಎರಡು ಸಂಪ್ರದಾಯಗಳ ನಡೆ ತಿಳಿಯುತ್ತದೆ. ಅದು ಜನಪ್ರಿಯ ಸಂಗೀತವೇ; ಹಾಡು ಬೀದಿಬೀದಿಯಲ್ಲಿ ಕೇಳಿಸಿತು.

ಯಂತ್ರ ಬಂದದ್ದರಿಂದ ಸಂಗೀತ ಕೆಟ್ಟಿತು ಎನ್ನುವುದು ಸುಲಭದ ಉತ್ತರ, ಆದ್ದರಿಂದಲೇ ಅನುಮಾನದಿಂದ ನೋಡಬೇಕಾದ ಉತ್ತರ. ಬಹುಟ್ರ್ಯಾಕ್ ಧ್ವನಿಮುದ್ರಣ, ಸಿಂಥಸೈಸರ್, ಕಂಪ್ಯೂಟರ್ ಇವೆಲ್ಲ ಬಡ ಸಂಯೋಜಕನಿಗೂ ದೊಡ್ಡ ವಾದ್ಯವೃಂದದ ನಾದ ಕೊಟ್ಟವು. ಬೆಂಗಳೂರಿನ ಒಂದು ಕೋಣೆಯಲ್ಲಿ ಕೂತ ಹುಡುಗನಿಗೆ ಮದ್ರಾಸಿಗೆ ಹೋಗುವ ಅಗತ್ಯ ತಪ್ಪಿಸಿದವು. 1997ರಲ್ಲಿ ಮಾರುಕಟ್ಟೆಗೆ ಬಂದ ಆಟೋಟ್ಯೂನ್ ಕೂಡ ಉಪಕರಣವೇ. ತಪ್ಪು ಅದನ್ನು ತಾಲೀಮಿನ ಬದಲಿಗೆ ಬಳಸಿದ್ದರಲ್ಲಿದೆ. ಶ್ರುತಿ ತಪ್ಪಿದರೆ ಆಮೇಲೆ ಸರಿಪಡಿಸೋಣ ಎಂದಾಗ ಗಾಯಕನಿಗೆ ಹಾಡಿನೊಡನೆ ಇರಬೇಕಾದ ಹೊತ್ತೇ ಇಲ್ಲವಾಗುತ್ತದೆ. ಗಮಕ, ಜಾರು, ಸ್ವರದ ಅಂಚಿನ ಸಣ್ಣ ನಡುಕ ಎಲ್ಲವೂ ಇಸ್ತ್ರಿ ಹಾಕಿದಂತೆ ಮಟ್ಟಸವಾಗುತ್ತವೆ. ಮೃದಂಗ ಮತ್ತು ತಬಲಾದ ಸಿದ್ಧ ಲೂಪ್ ಹಾಕಿದರೆ ಮೊದಲ ಚರಣದ ನಡೆಯೇ ಎರಡನೆಯದಕ್ಕೂ ಅಂಟಿಕೊಳ್ಳುತ್ತದೆ. ನುಡಿಸುವ ಮನುಷ್ಯ ಎರಡನೆಯ ಸಲ ಹಾಗೇ ನುಡಿಸುವುದಿಲ್ಲ.

ಅಬ್ಬರದ ದೂರಿಗೆ ತಾಂತ್ರಿಕ ಆಧಾರ ಗಟ್ಟಿಯಾಗಿದೆ. ಮಾಸ್ಟರಿಂಗ್ ಎಂಬ ಕೊನೆಯ ಹಂತದಲ್ಲಿ ಮೆಲುದನಿಯನ್ನು ಮೇಲೆತ್ತಿ, ಏರುದನಿಯನ್ನು ಒತ್ತಿ, ಹಾಡಿನುದ್ದಕ್ಕೂ ಒಂದೇ ಎತ್ತರ ಕಾಯ್ದುಕೊಳ್ಳುತ್ತಾರೆ. ಬಸ್ಸಿನಲ್ಲಿ, ಸಣ್ಣ ಫೋನಿನ ಸ್ಪೀಕರಿನಲ್ಲಿ ಪಕ್ಕದ ಹಾಡಿಗಿಂತ ಜೋರಾಗಿ ಕೇಳಬೇಕೆಂಬುದು ಉದ್ದೇಶ. ಇದಕ್ಕೆ ತೆರುವ ಬೆಲೆ ದೊಡ್ಡದು. ಪಲ್ಲವಿಯ ಪಿಸುಮಾತಿನಿಂದ ಚರಣದ ಏರಿಕೆಗೆ ಹೋಗುವ ಪಯಣವೇ ಭಾವವನ್ನು ಕಟ್ಟುವುದು. ಎತ್ತರ–ತಗ್ಗು ಅಳಿದ ಮೇಲೆ ಕಿವಿ ದಣಿಯುತ್ತದೆ. ಹಳೆಯ ಹಾಡು ‘ಇಂಪು’ ಎನ್ನಿಸುವುದಕ್ಕೆ ಮಟ್ಟಿನಷ್ಟೇ ಈ ಏರಿಳಿತವೂ ಕಾರಣ.

ಮಾರುಕಟ್ಟೆ ಹಾಡಿನ ಅಂಗಾಂಗಗಳನ್ನೂ ಕತ್ತರಿಸಿದೆ. ಚಿಕ್ಕ ಹಾಡು ಎಂದರೆ ಕೆಟ್ಟ ಹಾಡಲ್ಲ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ಮೂರೂವರೆ ನಿಮಿಷ ಮಾತ್ರ. ಬದಲಾಗಿರುವುದು ಆ ಮೂರು ನಿಮಿಷದೊಳಗಿನ ಹಂಚಿಕೆ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡು ಓಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಅಗ್ರ ಹಾಡುಗಳ ಅಧ್ಯಯನವೊಂದು, 1986ರ ಸುಮಾರಿಗೆ 20 ಸೆಕೆಂಡಿಗೂ ಮಿಕ್ಕಿದ್ದ ಆರಂಭದ ವಾದ್ಯಸಂಗೀತ 2015ರ ಹೊತ್ತಿಗೆ ಐದು ಸೆಕೆಂಡಿನ ಆಸುಪಾಸಿಗೆ ಇಳಿದದ್ದನ್ನು ತೋರಿಸಿದೆ. ಕನ್ನಡದಲ್ಲಿ ಮೊದಲು ಕಾಲರ್ ಟ್ಯೂನ್, ಈಗ ರೀಲ್ಸ್ ಇದೇ ಕೆಲಸ ಮಾಡಿವೆ. ತಟ್ಟನೆ ಕಿವಿಗೆ ಅಂಟುವ ಹುಕ್ ಲೈನ್ ಮೊದಲು ಹುಟ್ಟುತ್ತದೆ, ಉಳಿದದ್ದು ಅದಕ್ಕೆ ಜೋಡಣೆ. ಪಲ್ಲವಿ ಮುಗಿದ ಮೇಲೆ ಬರುವ ವಾದ್ಯಸಂಗೀತ, ಮಟ್ಟಿನ ದಿಕ್ಕು ಬದಲಿಸುವ ಎರಡನೇ ಚರಣ ಅನಾಥವಾಗಿವೆ. ರಾಜನ್–ನಾಗೇಂದ್ರ ಅವರ ಹಾಡುಗಳಲ್ಲಿ ನಡುವೆ ಬರುವ ಪಿಟೀಲಿನ ಸಂಗೀತವನ್ನು ಕೇಳುಗರು ಸಾಹಿತ್ಯದಷ್ಟೇ ಬಾಯಿಪಾಠವಾಗಿ ಗುನುಗುತ್ತಾರೆ. ಹಾಗೆ ಗುನುಗುವಂಥದ್ದನ್ನು ಕಟ್ಟಲು ಹಾಡಿನಲ್ಲಿ ಜಾಗ ಬೇಕು.

ಸಾಹಿತ್ಯದ ವಿಷಯದಲ್ಲಿ ದೂರಿನ ಗುರಿ ತಪ್ಪಿದೆ. ಆಡುಮಾತು, ಇಂಗ್ಲಿಷ್ ಪದ ಬಂದವೆಂಬುದು ಆಕ್ಷೇಪವಾಗಬೇಕಿಲ್ಲ. ಶಿಶುನಾಳ ಷರೀಫರ ತತ್ವಪದ ನಿಂತಿರುವುದೇ ಆಡುಮಾತಿನ ಮೇಲೆ. ಮಟ್ಟು ಮೊದಲು, ಮಾತು ಆಮೇಲೆ ಎಂಬುದೂ ಹೊಸ ರೋಗವಲ್ಲ. ಉದಯಶಂಕರ್ ಅವರ ಎಷ್ಟೋ ಒಳ್ಳೆಯ ಹಾಡುಗಳು ಮಟ್ಟಿಗೆ ಬರೆದವೇ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಇನ್ನೊಂದು ಪುರಾವೆ. ಮನೋಮೂರ್ತಿ ಅವರ ಮಟ್ಟಿಗೆ ಕಥೆಗಾರ ಜಯಂತ ಕಾಯ್ಕಿಣಿ ಬರೆದ ಸಾಲುಗಳು, ಹೊಸ ಕಾಲದ ನಾದದಲ್ಲೂ ಕವಿತೆಗೆ ಉಸಿರಾಡಲು ಜಾಗವಿದೆ ಎಂದು ತೋರಿಸಿಕೊಟ್ಟವು. ಈಗಿನ ನಿಜವಾದ ಅಪಾಯ ಒಂದೇ ಸಿನಿಮಾವನ್ನು ಏಕಕಾಲಕ್ಕೆ ಐದು ಭಾಷೆಯಲ್ಲಿ ಬಿಡುಗಡೆ ಮಾಡುವ ಅವಸರದಿಂದ ಬಂದಿದೆ. ಐದೂ ಭಾಷೆಯಲ್ಲಿ ಅದೇ ಮಟ್ಟಿಗೆ, ಅದೇ ತುಟಿಚಲನೆಗೆ ಕೂರಬೇಕಾದ ಸಾಲಿನಲ್ಲಿ ಯಾವ ಭಾಷೆಯ ನುಡಿಗಟ್ಟೂ ಉಳಿಯುವುದಿಲ್ಲ. ನಾಯಕನನ್ನು ಹೊಗಳುವ ಸಂಸ್ಕೃತ ಪದಗಳ ಗುಡುಗು ಮಾತ್ರ ಎಲ್ಲ ಕಡೆ ಸಲ್ಲುತ್ತದೆ. ಮೊದಲು ಕನ್ನಡದಲ್ಲಿ ಮಾತ್ರ ತೆರೆಕಂಡು, ಗೆದ್ದ ಮೇಲೆ ಬೇರೆ ಭಾಷೆಗಳಿಗೆ ಹೋದ 2022ರ ‘ಕಾಂತಾರ’, ಊರಿನ ನಾದವನ್ನು ಹಿಡಿದವರಿಗೆ ಹೊರಗಿನ ಕೇಳುಗರೂ ಸಿಗುತ್ತಾರೆ ಎಂದು ತೋರಿಸಿದೆ.

ಪ್ರತಿಭೆ ಇದೆ ಎಂಬುದಕ್ಕೆ ಹೆಸರುಗಳು ಬೇಕಾದಷ್ಟಿವೆ. ‘ಉಳಿದವರು ಕಂಡಂತೆ’ಯ ಅಜನೀಶ್ ಲೋಕನಾಥ್, ‘ರಾಮಾ ರಾಮಾ ರೇ’ಯ ವಾಸುಕಿ ವೈಭವ್, 2018ರಲ್ಲಿ ‘ಟಗರು’, 2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಎಂದು ಎರಡು ತುದಿಗಳ ಸಂಗೀತ ಕೊಟ್ಟ ಚರಣ್ ರಾಜ್. ಟಿವಿಯ ಹಾಡಿನ ಸ್ಪರ್ಧೆಗಳಲ್ಲಿ ಜಾನಕಿಯವರ ಕಷ್ಟದ ಹಾಡನ್ನು ಶ್ರುತಿ ಬಿಡದೆ ಹಾಡುವ ಹಳ್ಳಿಯ ಮಕ್ಕಳೂ ಇದಕ್ಕೆ ಸಾಕ್ಷಿ. ಇವರಿಗೆಲ್ಲ ಬೇಕಿರುವುದು ತಾಲೀಮಿನ ಹೊತ್ತು, ಆ ಹೊತ್ತನ್ನು ಕೊಳ್ಳುವ ದುಡ್ಡು.

ದುಡ್ಡಿನ ಪ್ರಶ್ನೆಗೆ ಕಾನೂನು ಅರ್ಧ ಉತ್ತರ ಕೊಟ್ಟಿದೆ. ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ ಚಿತ್ರಗೀತೆಯ ಹಕ್ಕು ನಿರ್ಮಾಪಕನದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2012ರ ಹಕ್ಕುಸ್ವಾಮ್ಯ ತಿದ್ದುಪಡಿ, ಗೀತರಚನೆಕಾರರಿಗೂ ಸಂಯೋಜಕರಿಗೂ ರಾಯಧನದಲ್ಲಿ ಬಿಟ್ಟುಕೊಡಲಾಗದ ಪಾಲು ಕೊಟ್ಟಿತು. ವಾದ್ಯಗಾರರ ಪಾಡು ಮಾತ್ರ ಬಹುಮಟ್ಟಿಗೆ ಅಂದಂದಿನ ಸಂಭಾವನೆಯಲ್ಲೇ ಮುಗಿಯುತ್ತದೆ. ರಾಜ್ಯ ಸರ್ಕಾರ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ. ವಾದ್ಯಗಾರರನ್ನು ಕೂರಿಸಿ ಧ್ವನಿಮುದ್ರಣ ಮಾಡಿದ ಚಿತ್ರಕ್ಕೆ ಅದರಲ್ಲಿ ಹೆಚ್ಚಿನ ಅಂಕ ಸಿಗಬೇಕು. ರಾಜ್ಯ ಚಲನಚಿತ್ರ ಪ್ರಶಸ್ತಿಯಲ್ಲಿ ವಾದ್ಯಗಾರರಿಗೆ ಒಂದು ವಿಭಾಗ ಇರಬೇಕು. ಆಡಿಯೊ ಕಂಪನಿಗಳು ಹಾಡಿನ ಕೆಳಗೆ ನಾಯಕ–ನಾಯಕಿಯ ಹೆಸರಿಗಿಂತ ಮೊದಲು ಬರೆದವರ, ನುಡಿಸಿದವರ, ಮಿಶ್ರಣ ಮಾಡಿದವರ ಹೆಸರು ಹಾಕಬೇಕು. ಇನ್ನು ಗಾಯಕರು ಯಾವ ಊರಿನವರೇ ಆಗಲಿ, ಅವರು ಹಾಡುವ ದಿನ ಕವಿಯನ್ನು ಸ್ಟುಡಿಯೋಗೆ ಕರೆಸುವ ಖರ್ಚನ್ನು ನಿರ್ಮಾಪಕರು ಒಪ್ಪಂದದಲ್ಲೇ ಸೇರಿಸಬೇಕು.